ಸಾಲಗಾಮೆಯ ಜ್ವಾಲಾಮುಖಿ ಮತ್ತು ಮೂರು ಬಾಳೆಗೊನೆ

ನೀಲಾಂಬಿಕೆ, ವಯಸ್ಸು ೬೮ ವರ್ಷ, ನಿವೃತ್ತ ಗ್ರಂಥಪಾಲಕಿ, ವಾಸ: ಸಾಲಗಾಮೆ, ಹಾಸನ ತಾಲ್ಲೂಕು. ಈ ದಿನ ಗುರುವಾರ ಮಧ್ಯಾಹ್ನ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನನ್ನ ಹಿತ್ತಿಲಲ್ಲಿ ಜ್ವಾಲಾಮುಖಿ ಇಲ್ಲ. ಇದ್ದದ್ದು ಬಾಳೆಕಾಯಿಗೆ ಹೊಗೆ ಹಾಕಿ ಹಣ್ಣು ಮಾಡುವ ಗುಂಡಿ.

ನನ್ನ ತಮ್ಮನ ಮಗಳು ಮೇಘಶ್ರೀ ಏಳು ತಿಂಗಳ ಬಸುರಿ. ನಾಳೆ ಚನ್ನರಾಯಪಟ್ಟಣದಲ್ಲಿ ಅವಳ ಸೀಮಂತ. ಹೊಗೆ ಹಾಕಿ ಮಾಗಿಸಿದ ಪುಟ್ಟಬಾಳೆ ಬೇಕೆಂಬುದು ಅವಳ ಬಯಕೆ. ಅಂಗಡಿಯ ಹಣ್ಣು ಹೊರಗೆ ಹಳದಿ, ಒಳಗೆ ಮರದ ತುಂಡು.

ಸೋಮವಾರ ಸಂಜೆ ಮೂರು ಗೊನೆಗಳನ್ನು ಗುಂಡಿಯಲ್ಲಿಟ್ಟು, ಒಣ ಬಾಳೆಎಲೆ ಹೊದಿಸಿ, ಮೇಲೆ ಮಣ್ಣು ಮೆತ್ತಿದೆ. ಒಂದು ಮೂಲೆಯಲ್ಲಿ ತೂತಿನ ಮಡಕೆ ಇಟ್ಟು, ಅದರೊಳಗೆ ತೆಂಗಿನ ನಾರಿಗೆ ಬೆಂಕಿ ಕೊಟ್ಟು ಊದಿದೆ. ನಮ್ಮ ಬೀದಿಯಲ್ಲಿ ಹಿಂದೆ ಹಬ್ಬಕ್ಕೆ ಮೊದಲು ಪ್ರತಿ ಹಿತ್ತಿಲಲ್ಲೂ ಇದು ನಡೆಯುತ್ತಿತ್ತು.

ಬುಧವಾರ ಬೆಳಿಗ್ಗೆ ಮತ್ತೊಮ್ಮೆ ಊದುವಾಗ ಮಣ್ಣಿನ ಬಿರುಕುಗಳಿಂದ ಹೊಗೆ ಎದ್ದಿತು. ಪಕ್ಕದ ಮನೆಯ ಚಲುವಯ್ಯ ತಮ್ಮ ಹೊಸ ಮಹಡಿಯ ಮೇಲಿಂದ ಅದನ್ನು ಮೊಬೈಲಿನಲ್ಲಿ ಹಿಡಿದು, ಸಾಲಗಾಮೆಯಲ್ಲಿ ಭೂಮಿ ಬಾಯಿ ಬಿಟ್ಟಿದೆ ಎಂದು ಊರಿನ ಗ್ರೂಪಿಗೆ ಹಾಕಿದರು. ೧೯೭೨ರಲ್ಲಿ ಇದೇ ಚಲುವಯ್ಯ ನಮ್ಮ ತಾಯಿ ಹಾಕಿದ್ದ ಇಂಥದೇ ಗುಂಡಿಗೆ ಕೈ ಹಾಕಿ, ಒಂದು ಚಿಪ್ಪು ಹಣ್ಣಿನೊಂದಿಗೆ ಸಿಕ್ಕಿಬಿದ್ದಿದ್ದರು. ಕದ್ದವರಿಗೂ ಗುಂಡಿಯ ಗುರುತು ಮರೆತುಹೋಗುವುದಾದರೆ ಊರಿನ ಗತಿ ಏನು?

ಹತ್ತು ಗಂಟೆಯೊಳಗೆ ಹಿತ್ತಿಲು ಜನರಿಂದ ತುಂಬಿತು. ಮಲ್ಲಿಗಮ್ಮ ಎಂಬುವರು ಮಡಕೆಗೆ ಕುಂಕುಮ ಇಟ್ಟು, ತಾಯಿ ಕೋಪ ಮಾಡ್ಕಂಡವ್ಳೆ ಎಂದು ಕಾಯಿ ಒಡೆದರು. ಅರಕಲಗೂಡಿನಿಂದ ಬೈಕಿನಲ್ಲಿ ಬಂದ ಒಬ್ಬ ಯುವಕ, ಅಜ್ಜಿ ಲಾವಾ ಯಾವಾಗ ಬತ್ತದೆ, ಲೈವ್ ಹಾಕ್ಬೇಕು ಎಂದು ಕೇಳಿದ. ಈ ಜಿಲ್ಲೆಯ ಬಂಡೆ ಮುನ್ನೂರು ಕೋಟಿ ವರ್ಷ ಹಳೆಯದು, ಕುದಿಯುವ ವಯಸ್ಸು ಅದಕ್ಕೆ ದಾಟಿದೆ ಎಂದು ಹೇಳಿದೆ. ಅವನು ಅದನ್ನೂ ಲೈವ್ ಹಾಕಿದ.

ಅಷ್ಟರಲ್ಲಿ ಗ್ಯಾಸ್ ಸೋರುತ್ತಿದೆ ಎಂದು ಚಲುವಯ್ಯ ಕೊಟ್ಟ ದೂರಿನ ಮೇಲೆ ಪೊಲೀಸರು ಬಂದು, ಗುಂಡಿಯ ಮಣ್ಣು ಬಗೆಸಿ, ವಿಚಾರಣೆ ಮುಗಿಯುವವರೆಗೆ ಇರಲಿ ಎಂದು ಮೂರು ಗೊನೆಗಳನ್ನೂ ಜೀಪಿಗೆ ಹಾಕಿಕೊಂಡು ಹೋದರು.

ಈ ದಿನ ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಹಣ್ಣಿಗೆ ಬೆಂಕಿ ಏಕೆ ಎಂದು ಕೇಳಿದರು. ಹಣ್ಣು ಮಾಗಿಸುವುದು ಬೆಂಕಿಯ ಶಾಖವಲ್ಲ, ಹೊಗೆಯಲ್ಲಿರುವ ಎಥಿಲೀನ್ ಎಂಬ ಅನಿಲ ಎಂದೆ. ಅಮೆರಿಕದ ನಿಂಬೆ ಬೆಳೆಗಾರರು ಸೀಮೆಎಣ್ಣೆ ಒಲೆಯಿಟ್ಟು ಕಾಯಿ ಹಳದಿ ಮಾಡುತ್ತಿದ್ದರು. ಶಾಖವೇ ಸಾಕೆಂದು ಹೊಗೆ ಬಾರದ ಒಲೆ ತಂದಾಗ ನಿಂಬೆ ಹಸಿರಾಗಿಯೇ ಉಳಿಯಿತು. ಹೇಳಿಕೆ ಬರೆದುಕೊಳ್ಳುತ್ತಿರುವ ಕಾನ್‌ಸ್ಟೆಬಲ್ ಶಾಂತಿಯವರು, ಅಮೆರಿಕಾನೂ ಬರೀಬೇಕಾ ಅಮ್ಮ ಎಂದರು. ಬರೆಯಿರಿ ಎಂದೆ.

ಗೊನೆಗಳನ್ನು ತೋರಿಸಿದರು. ಠಾಣೆಯ ಒಳಕೋಣೆಯಲ್ಲಿ ಅವು ಬಣ್ಣ ತಿರುಗಿವೆ. ನಾಳೆಗೆ ಸರಿಯಾಗುತ್ತವೆ, ನಾಡಿದ್ದಿಗೆ ಕಳಿತುಹೋಗುತ್ತವೆ. ಮೇಲಧಿಕಾರಿಗಳನ್ನು ಕೇಳದೆ ಕೊಡಲಾಗದು ಎಂದು ಸಾಹೇಬರು ಹೇಳುತ್ತಿದ್ದಾಗ ಮೇಘಶ್ರೀಯ ಫೋನು ಬಂತು. ಎಲ್ಲರಿಗೂ ಕೇಳುವಂತೆ ಇಟ್ಟೆ. ಅತ್ತೆ, ಅಣ್ಣು ಬತ್ತದೋ, ಇಲ್ಲ ಸೀಮಂತಾನ ಸ್ಟೇಷನ್ನಲ್ಲೇ ಇಟ್ಕಳನೋ, ಎಲ್ಲಾರ್ನೂ ಕರ್ಕಂಡೇ ಬತ್ತೀನಿ ಎಂದಳು. ಸಾಹೇಬರು ಟೋಪಿ ತೆಗೆದು ಮೇಜಿನ ಮೇಲಿಟ್ಟರು.

ದೂರುದಾರರೆಂದು ಕರೆಸಿದ್ದರಿಂದ ಬೆಂಚಿನ ಮೇಲೆ ಕುಳಿತಿದ್ದ ಚಲುವಯ್ಯ ಎದ್ದು, ದೂರು ವಾಪಸ್ ತಗತೀನಿ ಸಾ, ಬಸುರಿ ಬಾಯಿಗೆ ಅಡ್ಡ ಬಂದೆ ಅಂತ ನೀಲಕ್ಕ ಸಾಯೋಗಂಟ ಯೋಳ್ತಳೆ, ನನ್ ಕಾರಲ್ಲೇ ಕೊಟ್ಬತ್ತೀನಿ ಎಂದರು. ಸಾಯುವವರೆಗೆ ಅಲ್ಲ, ಆಮೇಲೂ ಹೇಳುವುದಕ್ಕೆ ಏರ್ಪಾಡು ಮಾಡುತ್ತಿದ್ದೆ ಎಂದೆ. ಸಾಹೇಬರು ನಕ್ಕು ಗೊನೆಗಳನ್ನು ಬಿಡಿಸಿಕೊಟ್ಟರು. ಒಂದು ಚಿಪ್ಪನ್ನು ಠಾಣೆಗೆ ನಾನೇ ಮನಸಾರೆ ಬಿಟ್ಟಿದ್ದೇನೆ.

ಇದರಲ್ಲಿ ನಾನು ಹೇಳದ ಮಾತಿಲ್ಲ, ಹೇಳಿದ್ದರಲ್ಲಿ ಸುಳ್ಳಿಲ್ಲ. ಓದಿಸಿ ಕೇಳಿ, ಗೊನೆಗಳನ್ನು ಕಾರಿಗೆ ಏರಿಸಿ ಬಂದು ಸಹಿ ಮಾಡಿದ್ದೇನೆ. ಸಹಿಯ ಪಕ್ಕದಲ್ಲಿರುವುದು ಬಾಳೆ ಸೊನೆಯ ಕಲೆ. ಅದನ್ನು ತಿದ್ದುಪಡಿ ಎಂದು ಎಣಿಸಬಾರದು.

ಸ್ಥಳ: ಹಾಸನ
ದಿನಾಂಕ: ೧೩-೨-೨೦೨೫
(ಸಹಿ) ನೀಲಾಂಬಿಕೆ