ನಾನೇ ಕೊಟ್ಟೆ

ಆಂಧ್ರದ ಹೈಕೋರ್ಟು ಇನ್ನೂ ಹೈದರಾಬಾದಿನಲ್ಲಿದ್ದ ಕಾಲ. ವಿಜಯವಾಡ ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲಿ ಕನ್ನಡ ಕೇಳಿಸಿದ್ದೇ ತಡ, ಬ್ಯಾಂಕ್ ಗುಮಾಸ್ತ ಶ್ರೀಪತಿ ಕಣ್ಣನ್ನು ಪೇಪರಿನ ಮೇಲಿಟ್ಟು ಕಿವಿಯನ್ನು ಪಕ್ಕದ ಬೆಂಚಿಗೆ ಕೊಟ್ಟ. ಅಲ್ಲಿ ಕಪ್ಪು ಕೋಟನ್ನು ಮಡಿಲಲ್ಲಿಟ್ಟುಕೊಂಡ ವಕೀಲರೊಬ್ಬರು, ಜೊತೆಗೊಬ್ಬ ಮುದುಕಿ.

“ಹೈದರಾಬಾದಿನ ಜಡ್ಜಾದರೂ ನಂಬ್ತಾರಾ, ಪ್ರಕಾಶಂ ಗಾರು?”

“ನಂಬಬೇಕಮ್ಮ. ಗಾಜುವಾಕದ ಆ ಸಾಕ್ಷಿ ಸುಳ್ಳು ಹೇಳಿಲ್ಲ. ಕಿವಿಗೆ ಬಿದ್ದದ್ದನ್ನೇ ಹೇಳಿದ.”

“ಪೆಟ್ಟು ತಿಂದು ಬಿದ್ದು ಸಾಯ್ತಿದ್ದೋನಿಗೆ ನನ್ನ ಮಗ ನೀರು ಕೊಟ್ಟ. ಯಾರೋ ಕೇಳಿದ್ದಕ್ಕೆ ‘ನಾನೇ ಕೊಟ್ಟೆ’ ಅಂದ. ಅಷ್ಟೇ.”

“ಕನ್ನಡದಲ್ಲಿ ಅಂದ. ತೆಲುಗಲ್ಲಿ ‘ಕೊಟ್ಟು’ ಅಂದ್ರೆ ಹೊಡಿ. ತೆಲುಗು ಕಿವಿಗೆ ಅದು ‘ನಾನೇ ಹೊಡೆದೆ’ ಅಂತ ಕೇಳಿಸ್ತು. ಅದರ ಮೇಲೇ ಜೀವಾವಧಿ.”

“ವರ್ಷಗಳಿಂದ ಇದನ್ನೇ ಹೇಳ್ತಿದ್ದೀರಿ.”

“ಹೇಳಿ ಹೇಳಿ ನನಗೇ ಸಾಕಾಗಿದೆ. ಹಾಗೆಲ್ಲ ಯಾರಿಗ್ರೀ ತಪ್ಪು ಕೇಳಿಸುತ್ತೆ ಅಂತ ಕೆಳಗಿನ ಕೋರ್ಟಲ್ಲಿ ನಕ್ಕುಬಿಟ್ಟರು.”

“ಜೈಲಲ್ಲಿ ಈಗ ನನ್ನ ಹತ್ರಾನೂ ತೆಲುಗೇ ಆಡ್ತಾನೆ. ಕನ್ನಡ ಅಂದ್ರೆ ಭಯ ಅವನಿಗೆ.”

ಹೈದರಾಬಾದಿನ ಗಾಡಿ ಬರುತ್ತಿದೆಯೆಂದು ಮೈಕು ಕೂಗಿತು. ವಕೀಲರು ಜೇಬು ತಡಕಿದರು.

“ಟಿಕೆಟ್ ಎಲ್ಲಮ್ಮ?”

“ಆಗಲೇ ನಿಮಗೆ ನಾನೇ ಕೊಟ್ಟೆ.” ಮುದುಕಿಯ ದನಿ ಏರಿತು, ಗೌರವಕ್ಕೊಂದು ತೆಲುಗಿನ ‘ಅಂಡಿ’ಯೂ ಸೇರಿತು. “ನಾನೇ ಕೊಟ್ಟೆ ಅಂಡಿ.”

ಎದುರು ಕೂತಿದ್ದ ಹೆಂಗಸು ಗಾಬರಿಯಿಂದ ವಕೀಲರ ಕೆನ್ನೆಯನ್ನೇ ನೋಡಿದಳು. ಯಾಕಮ್ಮ ಹೊಡೆದೆ, ದೊಡ್ಡ ಮನುಷ್ಯರನ್ನ, ಎಂದು ತೆಲುಗಿನಲ್ಲಿ ಕೇಳಿದಳು.

ಮುದುಕಿ ಆ ಹೆಂಗಸಿನತ್ತ ಬೆರಳು ತೋರಿದಳು.

“ಜಡ್ಜ್ ಹತ್ರ ಇವಳನ್ನ ಕರ್ಕೊಂಡು ಹೋಗಿ, ಪ್ರಕಾಶಂ ಗಾರು. ನಾನು ಇಲ್ಲೇ ಕೂತಿರ್ತೀನಿ.”

ವಕೀಲರು ನಗಲಿಲ್ಲ. ಟಿಕೆಟ್ ಕೋಟಿನ ಜೇಬಿನಲ್ಲಿ ಸಿಕ್ಕಿತು. ಆಕೆಯ ಚೀಲವನ್ನೂ ತಾವೇ ಎತ್ತಿಕೊಂಡು ಪ್ಲಾಟ್‌ಫಾರ್ಮಿನತ್ತ ನಡೆದರು.