ಶನಿವಾರದ ಉಪ್ಪು

ಹೊರಗೆ ಮೈನಸ್ ಹನ್ನೆರಡು ಡಿಗ್ರಿ ಚಳಿ. ಫಿನ್ಲೆಂಡಿನ ಔಲು ಪಟ್ಟಣದಲ್ಲಿ, ಕಾರನ್ನು ಕೈಯಾರೆ ತೊಳೆದುಕೊಳ್ಳುವ ಬೆಚ್ಚನೆಯ ಶೆಡ್ಡಿನ ಮುಂಗೋಣೆಯಲ್ಲಿ ಹಿಲ್ಕ ತನ್ನ ಸರದಿಗೆ ಕಾಯುತ್ತಿದ್ದಳು. ಎದುರಿನ ಬೆಂಚಿನಲ್ಲಿ ಕಣ್ಣು ಮಂಜಾದ ಮುದುಕನೊಬ್ಬ ಮತ್ತು ಅವನ ತಂಗಿಯ ಮಗಳು ಇಂಕೇರಿ ಕುಳಿತಿದ್ದರು. ಹಿಲ್ಕ ಕೇಳಬಾರದೆಂದೇ ಇದ್ದಳು, ಕಿವಿ ಕೇಳಬೇಕಲ್ಲ.

“ಕಾರು ನಿಂಗೆ ಕೊಡ್ಲೋ, ಮಾರ್ಲೋ ಅಂತ ಇನ್ನೂ ತೀರ್ಮಾನ ಮಾಡಿಲ್ಲ ಕಣೇ.”

“ಗೊತ್ತು ಮಾವ. ಕೇಳಿ ನಿಮ್ಮ ಪರೀಕ್ಷೆ.”

“ಮೊದಲು ಎಲ್ಲಿ ತೊಳೀಬೇಕು?”

“ಅಡಿಭಾಗ. ಹಿಮ ಕರಗ್ಲಿ ಅಂತ ರಸ್ತೆಗೆ ಹಾಕೋ ಉಪ್ಪು ಅಲ್ಲೇ ಕೂತು ಕಬ್ಬಿಣ ತಿನ್ನೋದು.”

“ಕೊನೇಲಿ?”

“ಬಾಗಿಲಿನ ರಬ್ಬರು ಒರೆಸೋದು. ಇಲ್ದಿದ್ರೆ ಹೆಪ್ಪುಗಟ್ಟಿ ಬಾಗಿಲೇ ತೆಗೆಯಕ್ಕಾಗಲ್ಲ.”

“ಹ್ಯಾಂಡ್‌ಬ್ರೇಕು?”

ಇಂಕೇರಿ ತನ್ನ ಕೈಗವಸಿನ ತುದಿ ಎಳೆದುಕೊಂಡಳು.

“ಹೋದ ವರ್ಷ ಗೆಳತಿ ಕಾರು ತೊಳೆದು, ಬ್ರೇಕ್ ಎಳೆದು ಮಲಗಿಬಿಟ್ಟೆ. ಒದ್ದೆ ಬ್ರೇಕು ಹೆಪ್ಪುಗಟ್ಟಿ ಬೆಳಿಗ್ಗೆ ಚಕ್ರ ಅಲ್ಲಾಡ್ಲಿಲ್ಲ.”

“ಇದನ್ನ ನಂಗ್ಯಾಕೆ ಹೇಳ್ಲಿಲ್ಲ?”

“ನೀವು ವರ್ಷವಿಡೀ ನಗ್ತೀರಲ್ಲ, ಅದಕ್ಕೆ.”

“ನಗ್ತೀನಿ. ನಾನೂ ಎರಡು ಸಲ ಹಾಗೆ ಮಾಡಿದೀನಿ.”

“ಕಾರು ಕೊಟ್ರೆ ಶನಿವಾರ ಶನಿವಾರ ನೀವೂ ಬರ್ಬೇಕು.”

“ಕಣ್ಣಿಲ್ಲದವನು ಬಂದು ಏನು ನೋಡ್ಲಿ?”

“ಬೆರಳಿದೆಯಲ್ಲ. ಉಪ್ಪು ಉಳಿದ್ರೆ ಒರಟಾಗಿರತ್ತೆ, ನೀವೇ ಹೇಳ್ಕೊಟ್ಟಿದ್ದು. ನಾನು ತೊಳೀತೀನಿ, ನೀವು ಸವರಿ ತಪ್ಪು ಹುಡುಕಿ.”

“ಹುಡುಕೋದು ಬೇರೆ ಬೇಕಾ? ಕೈ ಇಟ್ಟಲ್ಲೆಲ್ಲ ಇರತ್ತೆ.”

ಶೆಡ್ಡಿನ ಬಾಗಿಲು ಮೇಲೆದ್ದಿತು. ಮುದುಕ ಎದ್ದು, ಉಣ್ಣೆಯ ಕೈಗವಸು ಕಳಚಿ, ಕೋಟಿನ ಒಳಜೇಬಿನಲ್ಲಿ ತಡಕಾಡಿದ.

“ತಗೋ. ಕಾರಿನ ಇನ್ನೊಂದು ಕೀನೂ ನೀನೇ ಇಟ್ಕೋ.”

ಅವಳು ಕೀ ಜೇಬಿಗಿಳಿಸಿ ಅವನ ತೋಳು ಹಿಡಿದಳು. ಇಬ್ಬರೂ ಹಬೆಯೊಳಕ್ಕೆ ನಡೆದರು.