ಮೆರಿವೇಲ್ ಅಜ್ಜನ ಕೊನೇ ಮಾತು

ಸುಳ್ಳಲ್ಲ ಕಣ್ರೋ, ನಮ್ಮ ದೊಡ್ಡಮ್ಮನ ಮಗಳು ವರ್ನಾಗೇ ಆಗಿದ್ದು! ಹಾಲಿವುಡ್ಡಲ್ಲಿ ಫಿಲ್ಮು ಕತ್ತರಿಸಿ ಅಂಟಿಸೋ ಕೆಲಸ ಅವಳದು. ಸಿನಿಮಾಗೆ ಆಗ ತಾನೇ ಮಾತು ಬಂದಿತ್ತು. ಒಂದು ರಾತ್ರಿ ಕೆಲಸ ಮುಗಿಸ್ಕೊಂಡು ಒಬ್ಬಳೇ ಮನೆಗೆ ಬರ್ತಿದ್ಲು. ದಾರೀಲಿ ನೆಲದೆಣ್ಣೆ ಎತ್ತೋ ಬಾವಿ ಇದ್ಯಲ್ಲ… ಅದರ ಪಂಪು, ಕೀ…ರ್, ಧಡ್. ಕೀ…ರ್, ಧಡ್. ಆಮೇಲೆ… ನಿಂತೋಯ್ತು.

ಕತ್ತಲಲ್ಲಿ ಯಾರೋ ಗಂಟಲು ಸರಿಮಾಡ್ಕೊಂಡ್ರು. ಖ್ಹ್… ಖ್ಹಂ.

ಆ ಗಂಟಲು ವರ್ನಾಗೆ ಗೊತ್ತು! ಮೆರಿವೇಲ್ ಅಜ್ಜಂದು. ಜೀವಮಾನವಿಡೀ ನಾಟಕದಲ್ಲಿ ಗುಡುಗಿದ ಮನುಷ್ಯ. ಸಿನಿಮಾಕ್ಕೆ ಬಂದ್ಮೇಲೆ ಬರೀ ಜಡ್ಜು, ಹೀರೋಯಿನ್ ಅಪ್ಪ, ಬಾಗಿಲು ತೆಗೆಯೋ ಆಳು. ಎಲ್ಲಾ ಮೂಕಪಾತ್ರ! ಕೊನೆಗೂ ಒಂದು ಮಾತು ಸಿಕ್ತು, ಚಿತ್ರದ ಕಟ್ಟಕಡೇ ಮಾತು: "ದೀಪ ಇರ್ಲಿ. ಇನ್ನೊಬ್ರು ಬರೋರಿದಾರೆ."

ಆದ್ರೆ ಹಳೇ ನಾಟಕದೋರ ಕಟ್ಟಳೆ ಗೊತ್ತಲ್ಲ, ಕೊನೇ ಮಾತನ್ನ ತಾಲೀಮಲ್ಲಿ ಆಡೋ ಹಾಗಿಲ್ಲ. ಆಡಿದ್ರೆ ಕೇಡು. ಅಜ್ಜ ಬಾಯೇ ಬಿಡ್ಲಿಲ್ಲ.

"ಏನಜ್ಜಾ, ಹಲ್ಲುಸೆಟ್ಟಿನ ಜೊತೆ ಮಾತೂ ಮನೇಲಿ ಬಿಟ್ಟು ಬಂದ್ಯಾ?" ಅಂದ ಡೈರೆಕ್ಟರ್ ಡ್ರಿಸ್ಕಲ್. ಎಲ್ಲರೂ ಕಿಸಕ್ಕಂದ್ರು.

"ಕ್ಯಾಮೆರಾ ತಿರುಗ್ಲಿ, ಆಡ್ತೀನಿ."

"ಮೈಕಿನೋನು ದನಿ ಅಳೀಬೇಕು, ಈಗ್ಲೇ ಆಡು! ಇಲ್ವಾ? ಬಿಡು, ಹೀರೋನೇ ಹೇಳ್ತಾನೆ."

ಆ ಹೀರೋ ದನಿಯೋ, ಒಡೆದ ಪೀಪಿ!

"ನನ್ನ ಅನ್ನ ಕಿತ್ಕೊಳ್ರೋ, ಮಾತು ಕಿತ್ಕೋಬೇಡ್ರೋ!" ಅಂತ ಕೂಗಾಡಿದ ಅಜ್ಜ. ಯಾರ್ ಕೇಳ್ತಾರೆ? ವಾರ ಕಳೆಯೋದ್ರೊಳಗೆ ಬಾಡಿಗೆ ರೂಮಲ್ಲಿ ಸತ್ತೇ ಹೋದ.

ಈಗ ಬಾವಿ ಪಕ್ಕ ಅದೇ ಸಿಟ್ಟು… ಪಿಸುಮಾತಲ್ಲಿ.

"ಅಂಟಿಸಿದ್ಯಾ ಮಗಳೇ? ನನ್ನ ಮಾತಿಗೆ ಅವನ ಮುಖ?"

"ಅವರು… ಅವರು ಹೇಳಿದ್ದು ಮಾಡ್ದೆ, ಯಜಮಾನ್ರೇ…"

"ಪರದೆ ಯಾವತ್ತು ಏಳುತ್ತೆ?"

"ಶುಕ್ರವಾರ."

"ಸರಿ. ಜನ ಬರ್ತಾರಲ್ಲ."

ಕೀ…ರ್, ಧಡ್. ಪಂಪು ಮತ್ತೆ ಶುರು. ವರ್ನಾ ಚಪ್ಪಲಿ ಕೈಗೆತ್ಕೊಂಡು ಓಡಿದ್ಲು!

ಶುಕ್ರವಾರ ಥಿಯೇಟರ್ ತುಂಬಾ ಜನ. ಆಗೆಲ್ಲ ಮಾತು ಬೇರೆ ತಟ್ಟೇಲಿ ತಿರುಗ್ತಿತ್ತು, ಗ್ರಾಮಫೋನ್ ಥರ. ಕೊನೇ ದೃಶ್ಯ. ಹೀರೋ ಬಾಯಿ ತೆಗೆದ. ಕರ್ ಕರ್ ಅಂತಿದ್ದ ಮುಳ್ಳು… ಸುಮ್ಮನಾಯ್ತು. ದನಿ ಇಲ್ಲ!

ಹಿಂದಿನ ಸಾಲಿಂದ… ಖ್ಹ್… ಖ್ಹಂ.

"ದೀಪ ಇರ್ಲಿ! ಇನ್ನೊಬ್ರು ಬರೋರಿದಾರೆ!"

ಕುರ್ಚಿಗಳೇ ನಡುಗಿದ್ವು ಕಣ್ರೋ! ಜನ ಎದ್ದು ನಿಂತು ಚಪ್ಪಾಳೆ. ಡ್ರಿಸ್ಕಲ್ ಮುಖ ನೋಡ್ಬೇಕಿತ್ತು, ಸುಣ್ಣ! ತಿರುಗಿ ನೋಡಿದ್ರೆ ಹಿಂದಿನ ಸಾಲಲ್ಲಿ ಯಾರೂ ಇಲ್ಲ.

ಮಾರನೇ ದಿನ ವರ್ನಾ ಆ ತಟ್ಟೆ ಬೆಳಕಿಗೆ ಹಿಡಿದ್ಲು. ಎಲ್ಲಾ ಕಡೆ ದನಿ ಕೊರೆದ ಗೀರು ಇತ್ತು. ಕೊನೇ ಮಾತಿನ ಜಾಗ ಮಾತ್ರ ನುಣ್ಣಗೆ… ಕನ್ನಡಿ ಥರ.

ನಂಬಲ್ವಾ? ಆ ತಟ್ಟೆ ದೊಡ್ಡಮ್ಮನ ಮನೇಲೇ ಇದೆ, ಬನ್ನಿ. ನಾನೇ ಬೆರಳಾಡಿಸಿ ನೋಡಿದೀನಿ.